ಹೊಸ್ತಿಲ ಹೊರಗಿನ ಕಾಲ್ಮರಿ

೧೯೭೮ರ ಫೆಬ್ರುವರಿ ೨೦, ಸೋಮವಾರ. ಮೊರಬದ ಶಿವಗಂಗವ್ವ ನವಲಗುಂದ ಠಾಣೆಗೆ ಬಂದಾಗ ಸೆರಗೆಲ್ಲ ರಕ್ತ. ಗಂಡ ಮಡಿವಾಳೆಪ್ಪ ವಿರೋಧ ಪಕ್ಷದ ಏಜೆಂಟ, ಶನಿವಾರ ಮತದಾನ. ಬೆಳಗ್ಗೆ ಅವಳು ಕೆರೆಯ ನೀರಿಗೆ ಹೋಗಿದ್ದಳು. ಆಗ ಮುಖಕ್ಕೆ ಟವೆಲ್ ಸುತ್ತಿಕೊಂಡ ನಾಲ್ವರು ಒಳನುಗ್ಗಿ ಅವನ ಎರಡೂ ಕೈ ಮುರಿದು, ತಲೆ ಒಡೆದು, ನೆರೆಯವರು ಕೂಗಿದೊಡನೆ ಓಡಿದ್ದರು. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಅವನಿಗಿನ್ನೂ ಎಚ್ಚರವಿರಲಿಲ್ಲ.

ಫೌಜದಾರ ಏಕನಾಥ ಎಫ್‌ಐಆರ್ ಬರೆಯಲು ಕೂತದ್ದಷ್ಟೇ, ದಿಲ್ಲಿಯಲ್ಲಿ ಆಳುವ ಪಕ್ಷದ ಊರ ಮುಖಂಡನ ಫೋನು ಬಂತು.

"ಎತ್ತು ಹಾಯ್ದೈತಿ ಅಂತ ಬರ್ಕೊಳ್ರಿ, ಸಾಹೇಬ್ರ. ಇಲೆಕ್ಷನ್ ಟೈಮು, ಸುಮ್ನ ಗದ್ದಲ ಯಾಕ?"

"ಎತ್ತು ಟವೆಲ್ ಸುತ್ಗೊಂಡು ಬರ್ತಾವೇನ್ರಿ?" ಎಂದು ಏಕನಾಥ ಫೋನು ಕುಕ್ಕಿದ. ಥೂ! ಇಂಥವರ ಬಾಯಲ್ಲಿ ಸಾಹೇಬ ಅನ್ನಿಸಿಕೊಳ್ಳುವುದಕ್ಕಿಂತ ಎಮ್ಮೆ ಕಾಯುವುದೇ ಲೇಸು ಅನ್ನಿಸಿತು ಅವನಿಗೆ.

ಮೊರಬದಲ್ಲಿ ಪಂಚನಾಮೆಗೆ ಪಂಚರು ಸಿಗುವುದೇ ಕಷ್ಟವಾಯಿತು. ಇಡೀ ಓಣಿ ಕದ ಹಾಕಿಕೊಂಡು ಕೂತಿತ್ತು. ಶಿವಗಂಗವ್ವ ನಸುಕಿನಲ್ಲಿ ಸಾರಿಸಿದ್ದ ನೆಲದಲ್ಲಿ ಚಪ್ಪಲಿ ಗುರುತು ಮೂಡಿದ್ದವು, ಆದರೆ ಮೂವರವು ಮಾತ್ರ.

ಕಾನ್‌ಸ್ಟೇಬಲ್ ಮಾಬುಸಾಬ ಬಾಗಿಲಿಂದ ಕರೆದ. ಹೊಸ್ತಿಲ ಹೊರಗೆ ಒಂದು ಜೊತೆ ಕಾಲ್ಮರಿ ಇತ್ತು, ಹೊಸ ಚಪ್ಪಲಿ, ಗೋಡೆಗೆ ಹೊಂದಿಸಿ ನೀಟಾಗಿ ಬಿಟ್ಟದ್ದು.

"ಹೊಡ್ಯಾಕ ಬಂದಾಂವ ಕಾಲ್ಮರಿ ಬಿಟ್ಟು ಒಳಗ ಹೋಗ್ಯಾನಂದ್ರ, ಈ ಮನ್ಯಾಗ ಉಂಡಾಂವನ ಇರ್ಬೇಕ್ರಿ."

ಏಕನಾಥ ಅವನ್ನು ಶಿವಗಂಗವ್ವನ ಮುಂದಿಟ್ಟ. "ಯಾರವವ್ವಾ ಇವು?"

ಅವಳು ನೋಡಿದವಳೇ ಮುಖ ಆಚೆ ತಿರುಗಿಸಿದಳು.

"ಹೇಳದಿದ್ರ ಕೇಸು ಇಲ್ಲೇ ಸಾಯ್ತದ."

"ಹೇಳಿದ್ರ ನನ್ನ ತವರ ಸಾಯ್ತೈತ್ರಿ."

ಮಾಬುಸಾಬ ನೀರು ಕೊಟ್ಟ. ಅವಳು ಕುಡಿಯಲಿಲ್ಲ. ಗಂಡನ ರಕ್ತ ಒಣಗಿದ್ದ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನನ್ನ ತಮ್ಮ ಶಂಭುಲಿಂಗಪ್ಪಂದ್ರಿ. ಹೋದ ಸಂತ್ಯಾಗ ನಾನ ಕೊಡಿಸಿದ್ದೆ."

ಶಂಭುಲಿಂಗಪ್ಪ ಸಿಕ್ಕಿದ್ದು ಆ ಮುಖಂಡನ ಪಕ್ಷದ ಪೆಂಡಾಲಿನಲ್ಲಿ. ಬರಿಗಾಲಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ. ಎರಡು ಮಾತು ಕೇಳಿದ್ದಕ್ಕೇ ಉಳಿದ ಮೂವರ ಹೆಸರನ್ನೂ, ಕಳಿಸಿದವನು ಫೋನು ಮಾಡಿದ್ದ ಆ ಮುಖಂಡನೇ ಎಂದೂ ಹೇಳಿದ. ಸಂಜೆಯೊಳಗೆ ಐವರೂ ಲಾಕಪ್ಪಿನಲ್ಲಿದ್ದರು.

"ಅಕ್ಕನ ಗಂಡನ ಮ್ಯಾಲ ಯಾಕ ಕೈ ಮಾಡಿದಿಲೇ?"

"ಸೊಸೈಟಿ ಸೆಕ್ರೆಟ್ರಿ ಮಾಡ್ತೀವಂದಿದ್ರು. ಮದ್ಲ ನಿಮ್ಮ ಮಾವನ ಬಾಯಿ ಮುಚ್ಚಸು ಅಂದ್ರು."

"ಮತ್ತ ಕಾಲ್ಮರಿ ಯಾಕ ಬಿಟ್ಟಿ?"

ಇದೆಂಥಾ ಪ್ರಶ್ನೆ ಅನ್ನುವ ಹಾಗೆ ಅವನು ಮುಖವೆತ್ತಿದ. "ಒಳಗ ಜಗಲಿ ಮ್ಯಾಲ ದೇವ್ರದಾನಲ್ರಿ. ಮೆಟ್ಕೊಂಡು ಹೆಂಗ ಹೋಗೂದ್ರಿ?"

ಏಕನಾಥ ಹೊರಗೆ ಹೋಗಿ ಉಗುಳಿ ಬಂದು, ಆ ಮಾತನ್ನು ಹೇಳಿಕೆಯಲ್ಲಿ ಇದ್ದ ಹಾಗೆಯೇ ಬರೆದುಕೊಂಡ.