ಉಳಿದದ್ದರಲ್ಲಿ ಅರ್ಧ

2019ರ ನವೆಂಬರ್ 21, ಗುರುವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ. ಸ್ಟುಡಿಯೋದ ಕಪ್ಪು ಪರದೆಗಳ ನಡುವೆ ಬೊಂಬೆ ಅಂಬಿಗನ ಕೈ, ಬೊಂಬೆ ಹುಡುಗನ ತಲೆಯ ಮೇಲೆ ಗಾಳಿಯಲ್ಲೇ ನಿಂತಿತ್ತು.

ಬೊಂಬೆಗಳನ್ನು ಆಡಿಸುವವನು ಆ ಕೈಯನ್ನು ಕೂದಲೆಳೆಯಷ್ಟು ಇಳಿಸಿ ಪಕ್ಕಕ್ಕೆ ಸರಿದ. ಕ್ಯಾಮೆರಾದ ಹಿಂದಿದ್ದ ಅವಳು ಗುಂಡಿ ಒತ್ತಿದಳು. ಒಂದು ಚಿತ್ರ. ಇಂಥ ಇಪ್ಪತ್ತನಾಲ್ಕು ಸೇರಿದರೆ ತೆರೆಯ ಮೇಲೆ ಒಂದು ಸೆಕೆಂಡ್. ಎರಡು ವರ್ಷದಿಂದ ಇಬ್ಬರೂ ಹೀಗೆ ಸೆಕೆಂಡುಗಳನ್ನು ಕೂಡಿಸುತ್ತಿದ್ದರು.

ಹೊಳೆಯಲ್ಲಿ ತೇಲಿಬಂದ ಮಗುವನ್ನು ಸಾಕಿದ ಅಂಬಿಗನೊಬ್ಬನ ಆನಿಮೇಷನ್ ಚಿತ್ರ ಅದು. ನೀನೇ ನನ್ನ ಮಗ ಎಂದು ಅಂಬಿಗ ಮಾತಿಲ್ಲದೆ ಹೇಳುವ ಈ ಶಾಟ್ ಕೊನೆಯದು. ಮುಗಿದರೆ ಆರೂವರೆಯ ರೈಲಿಗೆ ಅವಳು ಏಳು ವರ್ಷದ ಮಗನನ್ನು ಕರೆದುಕೊಂಡು ಅಣ್ಣನ ಊರಿಗೆ ಹೊರಡುತ್ತಾಳೆ. ಅಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಅಪ್ಪನ ಮುಖವನ್ನೇ ನೋಡದ ಆ ಹುಡುಗ ಇವನನ್ನು ಬೊಂಬೆ ಮಾಮ ಎನ್ನುತ್ತಾನೆ.

"ಬೊಂಬೆ ಮಾಮ, ಈ ಕೈ ಇವತ್ತು ತಲೆ ಮುಟ್ಟುತ್ತೋ, ಇಲ್ಲ ನನ್ನ ಮೊಮ್ಮಕ್ಕಳ ಕಾಲಕ್ಕೋ?" ಅವಳ ಕಣ್ಣು ಕ್ಯಾಮೆರಾದಲ್ಲೇ ಇತ್ತು, ತುಟಿಯ ಒಂದು ಮೂಲೆ ಮಾತ್ರ ಇವನತ್ತ ನಗುತ್ತಿತ್ತು.

"ನಯವಾಗಿ ಇಳೀಬೇಕು ಕಣ್ರೀ. ಪ್ರತಿ ಸಲ ಉಳಿದದ್ದರಲ್ಲಿ ಅರ್ಧ ಇಳಿಸ್ತಿದೀನಿ."

ನಗು ಆರಿತು. "ಅಯ್ಯೋ ಪುಣ್ಯಾತ್ಮ! ಅರ್ಧ, ಅದರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ... ಹಾಗಾದ್ರೆ ಈ ಜನ್ಮದಲ್ಲಿ ಮುಟ್ಟಲ್ಲ ಅದು. ನೀವು ಎಲ್ಲದರಲ್ಲೂ ಹೀಗೇ."

ಅವನು ಬೊಂಬೆಯಿಂದ ದೂರ ಸರಿದು ನಿಂತ.

"ಯಾಕಷ್ಟು ಹೆದರ್ತೀರಿ?"

"ನನ್ನನ್ನ ಸಾಕಿದ್ದು ಅಮ್ಮನ ಎರಡನೇ ಗಂಡ. ಒಳ್ಳೆಯವರೇ. ಅವರು ಕೈ ಚಾಚಿದಾಗೆಲ್ಲ ನಾನು ತಲೆ ಬಗ್ಗಿಸಿ ಜಾರಿಕೊಳ್ತಿದ್ದೆ. ಆಮೇಲೆ ಅವರು ಚಾಚೋದನ್ನೇ ಬಿಟ್ಟರು. ನಿಮ್ಮ ಮಗನೂ ಜಾರಿಕೊಂಡರೆ... ನನ್ನ ಕೈಲಿ ತಡೆಯೋಕಾಗಲ್ಲ."

"ಬೊಂಬೆ ಮಾಮ ಬರದಿದ್ರೆ ರೈಲು ಹತ್ತಲ್ಲ ಅಂತ ಬೆಳಿಗ್ಗೆಯಿಂದ ಹಟ ಮಾಡ್ತಿದಾನೆ. ಗದರಿ ಬಂದೆ." ಅವಳ ದನಿ ಒಡೆಯಿತು. "ಅವನನ್ನ ನಾನು ಗದರಬಹುದು. ಅದೇ ಹಟ ಹಿಡಿದಿರೋ ನನ್ನನ್ನ ಯಾರು ಗದರ್ತಾರೆ, ಹೇಳಿ?"

"ಹೋಗಬೇಡಿ." ಮಾತು ತಾನಾಗಿ ಬಿದ್ದಿತು. "ಇಬ್ಬರೂ ಹೋಗಬೇಡಿ. ನೀವಿಲ್ಲದ ಊರಲ್ಲಿ ಇವತ್ತು ನನ್ನ ಮನೆ ಬೀಗ ತೆಗೆದು ಒಳಗೆ ಕಾಲಿಡೋದು ಹೇಗೆ ಅಂತಲೇ ಗೊತ್ತಾಗ್ತಿಲ್ಲ ನನಗೆ."

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಬರಲ್ಲ ಅಂತ ಅಣ್ಣನಿಗೆ ಫೋನ್ ಮಾಡ್ತೀನಿ. ಬೈಸಿಕೊಳ್ಳೋಕೆ ನೀವೂ ಪಕ್ಕದಲ್ಲಿರಬೇಕು. ಮೊದಲು ಶಾಟ್ ಮುಗಿಸಿ. ಮುಟ್ಟಿದರೆ ಸಾಲದು, ಕೈಯ ಭಾರ ಕಾಣಬೇಕು."

ಅವನು ಈ ಸಲ ಅರ್ಧ ಮಾಡಲಿಲ್ಲ. ಅಂಬಿಗನ ಕೈಯನ್ನು ಪೂರ್ತಿ ಇಳಿಸಿ, ಮೆಲ್ಲಗೆ ಒತ್ತಿದ. ಅವಳು ಅಳತೆಪಟ್ಟಿ ಹಿಡಿದು ನೋಡಿದಳು. ಹುಡುಗನ ತಲೆ ಕೆಳಗಿಳಿದದ್ದು ಒಂದೂವರೆ ಮಿಲಿಮೀಟರ್.