ಶಹನಾಝ್ ಹಿಡಿದ ಹಿಮ್ಮಡಿ

ಫಾಝಿಲ್ ಶಹನಾಝ್‌ಗೆ ಕೊಟ್ಟ ಮೊದಲ ಕಾಣಿಕೆ ಒಂದು ಒದೆ.

ಅಂತಿಂಥ ಒದೆಯಲ್ಲ. ಮಣಿಪಾಲದ ಆ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ, ಚಕ್ರದ ಸ್ಟೂಲಿನ ಮೇಲೆ ಕೂತು ಅವಳು ಅವನ ಹಿಮ್ಮಡಿ ಹಿಡಿದಳೋ ಇಲ್ಲವೋ, ಕಾಲು ತನ್ನಷ್ಟಕ್ಕೆ ಸಿಡಿಯಿತು. ಸ್ಟೂಲು ಶಹನಾಝಳ ಸಮೇತ ಪರದೆ ಹರಿದುಕೊಂಡು ಹೋಗಿ, ಪಕ್ಕದ ಮಂಚದ ಅಜ್ಜನನ್ನು ಕೂದಲೆಳೆಯಲ್ಲಿ ಉಳಿಸಿ, ಗೋಡೆಗೆ ಗುದ್ದಿ ನಿಂತಿತು. ಸದ್ದು ಉಡುಪಿ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ನಂಬದವರು ಆ ಅಜ್ಜನನ್ನೇ ಕೇಳಬಹುದು.

ಈ ಫಾಝಿಲ್ ಸಾಮಾನ್ಯದವನಲ್ಲ. ಕಾಪುವಿನ ಹೆದ್ದಾರಿ ಬದಿ ಅವನದ್ದು ಟಯರ್ ಅಂಗಡಿ. ಲಾರಿಯ ಟಯರನ್ನು ಉದ್ದಿನ ವಡೆಯ ಹಾಗೆ ಎರಡು ಬೆರಳಲ್ಲಿ ಎತ್ತುವವನು. ಕಬಡ್ಡಿಯಲ್ಲಿ ರೈಡರ್. ಅವನು ಎದುರಾಳಿಗಳ ಅಂಕಣಕ್ಕೆ ಕಾಲಿಟ್ಟರೆ ಕಾಪುವಿನ ಸಮುದ್ರವೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಹಿಮ್ಮಡಿಗೆ ಯಾರ ಕೈ ತಗುಲಿದರೂ ಒದ್ದು ಮಧ್ಯಗೆರೆಯತ್ತ ಹಾರುವುದು ಅವನ ಮೈಯ ಚಟ.

"ಸಾರಿ ಡಾಕ್ಟ್ರೇ, ಅದು ನಾನಲ್ಲ. ಕಾಲು."

ಶಹನಾಝ್ ತಲೆವಸ್ತ್ರ ಸರಿಮಾಡಿಕೊಂಡು ಎದ್ದಳು. ಅವಳ ನೋಟದ ಬಿಸಿಗೆ ಗೋಡೆಯ ಎ.ಸಿ. ಒಮ್ಮೆ ಬೆವರಿತು.

"ಹಾಗಾದರೆ ಕಾಲನ್ನೇ ಕೇಳ್ತೇನೆ. ಮ್ಯಾಚಿಗೆ ಮೊದಲು ವಾರ್ಮ್‌ಅಪ್ ಎಂತ ಮಾಡ್ತೀರಿ?"

"ತೊಡೆ ತಟ್ಟುವುದು."

"ಮತ್ತೆ?"

"ಜೋರಾಗಿ ತಟ್ಟುವುದು."

ಅವಳು ನಗಲಿಲ್ಲ. ಕೆಳದುಟಿ ಮಾತ್ರ ಒಂದು ಕ್ಷಣ ಹಲ್ಲಿನಡಿ ಸಿಕ್ಕಿಕೊಂಡಿತು. ಅಷ್ಟಕ್ಕೇ ಫಾಝಿಲನ ಎದೆ ಹೊಸ ಟಯರಿನಂತೆ ಉಬ್ಬಿತು.

ಅವನ ಹಿಂತೊಡೆ ಹರಿದದ್ದು ಕಾರ್ಕಳದ ಪಂದ್ಯದಲ್ಲಿ. ಬೆಳ್ಮಣ್ ತಂಡದ ನೆವಿಲ್ ಮೊಸಳೆಯಂತೆ ಕಾಲಿಗೆ ಬಿದ್ದ. ಫಾಝಿಲ್ ಗೆರೆಯತ್ತ ಎಳೆದ. ಬಿಗಿದಿದ್ದ ಸ್ನಾಯು 'ಟಪ್' ಎಂದಿತು. ಅಷ್ಟರಲ್ಲಿ ಅವನ ಜೀವದ ಗೆಳೆಯ, ಕಾಪುವಿನ ಮೀನುಗಾರ ಕಿಟ್ಟ, ಓಡಿಬಂದು, "ಉಳುಕಿದ್ದು ಮಾರಾಯ, ಎಳೆದರೆ ಕೂತ್ಕೊಳ್ತದೆ!" ಎಂದು ನಾಲ್ವರನ್ನು ಸೇರಿಸಿ, ಬಲೆ ಎಳೆಯುವ ಹಾಗೆ ಐಸಾ ಹೇಳಿ ಕಾಲು ಎಳೆದ. ಬೆರಳಗಲ ಹರಿದದ್ದು ಅಂಗೈಯಗಲ ಆಯಿತು.

"ಹರಿದ ಕೂಡಲೇ ಎಳೆಯುವುದಾ?" ಶಹನಾಝ್ ಕೆರಳಿದಳು. "ಅವರು ಗೆಳೆಯರಾ, ಕಟುಕರಾ? ಮೊದಲು ಮಂಜುಗಡ್ಡೆ, ವಿಶ್ರಾಂತಿ. ಎಳೆತ ಆಮೇಲೆ, ನೋವಿನ ಗೆರೆ ದಾಟದ ಹಾಗೆ."

"ಅದೆಲ್ಲ ನಂತರ, ಡಾಕ್ಟ್ರೇ. ಬೆಳ್ಮಣ್ ಫೈನಲಿಗೆ ನನ್ನನ್ನು ನಿಲ್ಲಿಸಿ. ಆ ನೆವಿಲನ ಕಾಲು ಮುರಿದು ಕೈಗೆ ಕೊಡ್ಬೇಕು."

ಅಲ್ಲಿಂದ ಶುರುವಾಯಿತು ಯುದ್ಧ. ಮೊದಲು ಹಿಮ್ಮಡಿಯನ್ನು ಮಂಚದ ಮೇಲೆ ಮೆಲ್ಲಗೆ ಜಾರಿಸುವುದು. ಆಮೇಲೆ ಸೊಂಟದ ಕೀಲು ಸಡಿಲಿಸುವುದು. ಕಾಲಿಗೆ ಬಲ ಬಂದ ಮೇಲೆ, ಮಂಡಿಯೂರಿ ಕೂತವನ ಹಿಮ್ಮಡಿಗಳನ್ನು ಅವಳು ಒತ್ತಿ ಹಿಡಿಯುವುದು, ಅವನು ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು. ಅವನ ಚೀತ್ಕಾರಕ್ಕೆ ಕಡಿಯಾಳಿಯ ನಾಯಿಗಳೆಲ್ಲ ಓಗೊಟ್ಟವು. ಇಬ್ಬರೂ ಬ್ಯಾರಿ ಭಾಷೆಯ ಮನೆಯವರೇ, ಆದರೂ ಅವಳು ಬೈಯುವುದು ಕನ್ನಡದಲ್ಲೇ. ಬ್ಯಾರಿಯಲ್ಲಿ ಬೈದರೆ ಪಕ್ಕದ ಮಂಚದವರಿಗೆ ಅರ್ಥವಾಗದೆ ನಷ್ಟ.

"ಕೊಲ್ತೀರಾ?"

"ಇನ್ನೂ ಇಲ್ಲ. ಉಸಿರು ಬಿಡಿ. ಬಿಗಿಯಾದದ್ದು ಗಟ್ಟಿ ಅಂತ ಯಾರು ಹೇಳಿದ್ದು ನಿಮಗೆ?"

ಉಸಿರು ಬಿಡುವುದೇನೋ ಸರಿ, ಆದರೆ ತಿರುಗಿ ನೋಡಿದರೆ ಕಾಡಿಗೆ ಹಚ್ಚಿದ ಆ ಕಣ್ಣು. ಬಿಟ್ಟ ಉಸಿರು ವಾಪಸು ಬರುತ್ತಲೇ ಇರಲಿಲ್ಲ. ಅವಳು ಹಿಮ್ಮಡಿ ಮುಟ್ಟಿದರೆ ಒದೆಯುತ್ತಿದ್ದ ಕಾಲು ಯಾವಾಗ ಬೆಕ್ಕಿನ ಮರಿಯಾಯಿತೋ ಅವನಿಗೇ ಗೊತ್ತಾಗಲಿಲ್ಲ.

ಫೈನಲಿನ ಹಿಂದಿನ ದಿನ ಅವಳು ಕಾಲನ್ನು ಪರೀಕ್ಷಿಸಿ ಎದ್ದು ನಿಂತಳು. ದನಿಯಲ್ಲಿ ತಮಾಷೆ ಇರಲಿಲ್ಲ.

"ಆಡಬಹುದು. ಆದರೆ ಒಬ್ಬನ ಕಾಲು ಮುರಿಯಲಿಕ್ಕೆಂದೇ ನನ್ನಿಂದ ಈ ಕಾಲು ಸರಿಮಾಡಿಸಿಕೊಂಡದ್ದಾದರೆ, ಇನ್ನು ನನ್ನ ಮುಖ ನೋಡ್ಬೇಡಿ."

ಫಾಝಿಲ್ ಚಪ್ಪಲಿ ಮೆಟ್ಟಿ ಹೊರಟ. ಬಸ್ಸಿನಲ್ಲಿ ಕಾಪುವಿನವರೆಗೆ ನೆವಿಲನ ಕಾಲನ್ನು ಮನಸ್ಸಿನಲ್ಲೇ ನೂರು ಸಲ ಮುರಿದ. ನೂರು ಸಲವೂ ಆ ಕಾಡಿಗೆಗಣ್ಣು ಅಡ್ಡ ಬಂತು.

ಬೆಳ್ಮಣ್‌ನಲ್ಲಿ ಮರುದಿನ ಮಧ್ಯಾಹ್ನ ಭೂಮಂಡಲದ ಅರ್ಧ ಜನ ಸೇರಿದ್ದರು. ಉಳಿದರ್ಧಕ್ಕೆ ಬಸ್ಸು ಸಿಗಲಿಲ್ಲ. ಫಾಝಿಲ್ ಅಂಕಣದ ಬದಿಯಲ್ಲಿ ಕಾಲು ಬೀಸಿ, ಸೊಂಟ ತಿರುಗಿಸಿ, ಮಂಡಿ ಬಾಗಿಸಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರೆ ಗ್ಯಾಲರಿ ಹೊಟ್ಟೆ ಹಿಡಿದು ನಕ್ಕಿತು.

"ಇವ ಡ್ಯಾನ್ಸ್ ಕ್ಲಾಸಿಗೆ ಬಂದದ್ದಾ ಮಾರಾಯ?"

ನಗದೆ ಕೂತವಳು ಒಬ್ಬಳೇ, ಮೂರನೇ ಸಾಲಿನ ಶಹನಾಝ್.

ಕೊನೆಯ ರೈಡ್. ಫಾಝಿಲ್ ಒಳನುಗ್ಗಿ ಒಬ್ಬನ ಭುಜ ಮುಟ್ಟಿ ತಿರುಗುವಷ್ಟರಲ್ಲಿ ನೆವಿಲ್ ಹಾರಿ ಹಿಮ್ಮಡಿ ಕಚ್ಚಿದ. ಮೂವರು ಬೆನ್ನಿಗೆ ಬಿದ್ದರು. ಮೊಣಕೈ ಮೂಗಿಗೆ, ಮಂಡಿ ಪಕ್ಕೆಗೆ. ಧೂಳಿನಲ್ಲಿ ರಕ್ತ ಚಿಮ್ಮಿತು. ಹಳೆಯ ಕಾಲಾಗಿದ್ದರೆ ಬುಡಸಮೇತ ಕಿತ್ತುಬರುತ್ತಿತ್ತು. ಈ ಕಾಲು ಉದ್ದವಾಯಿತು, ಇನ್ನೂ ಉದ್ದವಾಯಿತು, ಬೆಳ್ಮಣ್‌ನಿಂದ ಕಾರ್ಕಳದವರೆಗೆ ಚಾಚಿತು. ಅವನ ಕೈಯ ನಡುಬೆರಳು ಮಧ್ಯಗೆರೆ ಮುಟ್ಟಿತು. ಪಂದ್ಯ ಗೆದ್ದಾಯಿತು.

ಅದೇ ಕ್ಷಣ 'ಟಪ್' ಎಂದಿತು.

ಈ ಸಲ ನೆವಿಲನದ್ದು. ತೊಡೆ ಹಿಡಿದು ಮಣ್ಣಿನಲ್ಲಿ ಹೊರಳಿದ. ಫಾಝಿಲ್ ಎದ್ದು ಅವನ ಪಕ್ಕದಲ್ಲೇ ನಿಂತ. ಬಲಗಾಲು ಮೇಲೆತ್ತಿದ್ದು ಇಡೀ ಬೆಳ್ಮಣ್ ಕಂಡಿತು. "ಕೊಡು ಒಂದು!" ಕಿಟ್ಟ ಕಿರುಚಿದ.

ಆಗಲೇ ಬೆಳ್ಮಣ್ ಹುಡುಗರು ಓಡಿಬಂದು ನೆವಿಲನ ಪಾದ ಹಿಡಿದರು. "ಉಳುಕಿದ್ದು! ಎಳಿ!"

"ಬಿಡಿ! ಎಳೀಬೇಡಿ ಅಂದೆ!" ಫಾಝಿಲ್ ಗುಡುಗಿದ.

ಅವರು ಬಿಡಲಿಲ್ಲ. ಎತ್ತಿದ್ದ ಕಾಲು ಎಳೆಯುವವರ ಕಡೆಗೆ ತಿರುಗಿತು. ಒಬ್ಬ ಬೇಲಿಯಾಚೆ, ಒಬ್ಬ ಸ್ಕೋರ್‌ಬೋರ್ಡಿನ ಮೇಲೆ, ಒಬ್ಬ ಸೋಡಾ ಗಾಡಿಯ ಒಳಗೆ. ಹೊಡೆಯಲು ಬಂದದ್ದೆಂದು ತಿಳಿದು ಇಡೀ ತಂಡ ಅವನ ಮೇಲೆ ಬಿತ್ತು. ತುಟಿ ಸೀಳಿತು, ಹುಬ್ಬು ಒಡೆಯಿತು. ಫಾಝಿಲ್ ನೆವಿಲನ ಕಾಲಿನ ಮೇಲೆ ಛತ್ರಿಯ ಹಾಗೆ ಬಗ್ಗಿ, ಯಾರನ್ನೂ ಮುಟ್ಟಗೊಡದೆ ಗುದ್ದು ತಿನ್ನುತ್ತ ಅರಚುತ್ತಿದ್ದ: "ಐಸ್ ತನ್ನಿ! ಡಾಕ್ಟ್ರನ್ನು ಕರೀರಿ! ಮೂರನೇ ಸಾಲು!"

ರೆಫರಿ ಕೆಂಪು ಕಾರ್ಡು ತೋರಿಸಿದ. ಫಾಝಿಲ್ ಹೊಡೆದಾಡಿದ್ದಕ್ಕೆ ಟ್ರೋಫಿ ಬೆಳ್ಮಣ್‌ಗೆ ಹೋಯಿತು. ಕಿಟ್ಟ ಮೂರು ಭಾಷೆಯಲ್ಲಿ ಶಪಿಸಿ ನಡೆದ.

ನೆವಿಲನ ತೊಡೆಗೆ ಪಟ್ಟಿ ಸುತ್ತಿ ಆಟೋ ಹತ್ತಿಸಿ, ಶಹನಾಝ್ ಫಾಝಿಲನ ಎದುರು ಬಂದು ಕೂತಳು. ಉಳಿದ ಮಂಜುಗಡ್ಡೆಯನ್ನು ಅವನ ತುಟಿಗೆ ಒತ್ತಿದಳು.

"ಆರು ಜನರಿಗೆ ಹೊಡೆದಿರಿ."

"ಹದಿನಾರು."

"ಆರು."

"ಉಳಿದವರು ಹೆದರಿಯೇ ಬಿದ್ದದ್ದು. ಅದೂ ಲೆಕ್ಕಕ್ಕುಂಟು."

ಅವಳು ನಕ್ಕಳು. ಪೂರ್ತಿ, ಹಲ್ಲು ಕಾಣುವ ಹಾಗೆ. ಗುದ್ದು ತಿಂದಾಗ ಕತ್ತಲು ಬರದ ಕಣ್ಣಿಗೆ ಆಗ ಬಂತು.

"ನಿಮ್ಮ ಕಾಲು ಪೂರ್ತಿ ಸರಿಯಾಗಿದೆ. ಇನ್ನು ಕ್ಲಿನಿಕ್ಕಿಗೆ ಬರಬೇಕೆಂದಿಲ್ಲ."

"ಹಾಗೆ ಹೇಳ್ಬೇಡಿ! ಮತ್ತೆ ನಿಮ್ಮನ್ನು ನೋಡುವುದು ಹೇಗೆ?" ಸೀಳಿದ ತುಟಿಯಿಂದ ಮಾತು ಹೇಳದೆ ಕೇಳದೆ ಹಾರಿತು. "ಇನ್ನೊಂದು ಕಾಲು ಉಂಟಲ್ಲ, ಅದನ್ನು ಬೇಕಾದರೆ ಹರಿದುಕೊಂಡು ಬರ್ತೇನೆ."

ಅವಳು ತಲೆ ತಗ್ಗಿಸಿ, ಕರಗಿದ ನೀರನ್ನು ಅವನ ಗದ್ದದಿಂದ ಒರೆಸಿದಳು.

"ಅಂಬಲಪಾಡಿಯಲ್ಲಿ ನಮ್ಮ ಮನೆ. ನಿಮ್ಮ ಉಮ್ಮನನ್ನು ಕರ್ಕೊಂಡು ಬನ್ನಿ. ಬಾಪ ದುಬೈಯಿಂದ ಬಂದಿದ್ದಾರೆ."

ಬೆಳ್ಮಣ್ ತಂಡಕ್ಕೆ ಹೆದರದವನು, ಹುಡುಗಿಯ ಅಪ್ಪ ಎಂದದ್ದೇ ತಡ, ಒಡೆದ ಹುಬ್ಬು ತಡವಿಕೊಂಡ. "ಈ ಮುಖ ಕಂಡರೆ ಅವರು ಹೊಡೆಯುತ್ತಾರಾ?"

"ಹೊಡೆದರೂ ಹೊಡೆಯಬಹುದು."

"ಆಗ ನೀವು ಎಂತ ಮಾಡ್ತೀರಿ?"

"ಹಿಡ್ಕೊಳ್ತೇನೆ."

"ಅವರನ್ನಾ, ನನ್ನನ್ನಾ?"

ಶಹನಾಝ್ ಅವನ ಹುಬ್ಬಿಗೆ ಬ್ಯಾಂಡೇಜು ಅಂಟಿಸಿ, ಅಗತ್ಯಕ್ಕಿಂತ ತುಸು ಜೋರಾಗಿಯೇ ಒತ್ತಿದಳು.

"ನೀವು ಓಡಿದರೆ, ನಿಮ್ಮನ್ನು."