ಎಡಮಗ್ಗುಲಿನ ಕೊಂಡಿಗಳು

"ಸತ್ತುಹೋದ ಅಪ್ಪ ನಮ್ಮನೇಲಿ ಕೂತು ಟ್ಯಾಂಕ್ ಕಟ್ತಿದಾರೆ," ಎಂದಳು ಕುರೆಬಾಯಾಶಿ ಶಿಗೆನೊ. ಹೇಳಿದವಳೇ ತನ್ನ ಮಾತಿಗೆ ತಾನೇ ಬೆಚ್ಚಿ ಬಾಗಿಲ ಕಡೆ ತಿರುಗಿ ನೋಡಿದಳು.

ಮಿಹೋ ಬಗ್ಗಿಸುತ್ತಿದ್ದ ಚಹಾ ಬಟ್ಟಲಿನಾಚೆ ಚೆಲ್ಲಿತು. ಸೊನೊಬೆ ಕಿನುಯೊ ಮಾತ್ರ ಕದಲಲಿಲ್ಲ. ಅವರು ಶಿಜುವೊಕಾದ ಒಂದು ಪ್ಲಾಸ್ಟಿಕ್ ಮಾದರಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಅಚ್ಚುಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಕೂದಲೆಳೆಯಷ್ಟು ಗೀರನ್ನೂ ಬರಿಗಣ್ಣಲ್ಲಿ ಹಿಡಿಯುತ್ತಿದ್ದ ಆ ನೋಟಕ್ಕೆ ಕೇರಿಯವರು ಈಗ ಬೇರೆ ಕೆಲಸ ಕೊಟ್ಟಿದ್ದರು. ಕಳ್ಳತನವಾಗಲಿ, ಸಹಿಯಿಲ್ಲದ ಬೆದರಿಕೆ ಪತ್ರ ಬರಲಿ, ಜನ ಪೊಲೀಸರಿಗಿಂತ ಮೊದಲು ಈ ಮನೆಯ ಕದ ತಟ್ಟುತ್ತಿದ್ದರು. ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಮಿಹೋ, ನಾಲ್ಕು ಜನರೆದುರು ದನಿ ಎತ್ತಲಾರದ ಹುಡುಗಿ, ಅವರು ಕಂಡದ್ದನ್ನೆಲ್ಲ ಬರೆದಿಡುತ್ತ ಅವರ ನೆರಳಿನಂತೆ ಆಗಿಬಿಟ್ಟಿದ್ದಳು.

"ಮೊದಲಿಂದ ಹೇಳು ತಾಯಿ," ಎಂದರು ಕಿನುಯೊ.

"ಅಪ್ಪ ಹೋಗಿ ಇವತ್ತಿಗೆ ನಲವತ್ತೇಳು ದಿನ. ಅವತ್ತು ಬೆಳಗ್ಗೆ ನಾನು ಜಗಳ ಆಡಿದ್ದೆ. ನಿಮ್ಮ ಈ ಪ್ಲಾಸ್ಟಿಕ್ ಕಸಾನೆಲ್ಲ ಒಂದಿನ ಬೆಂಕಿಗೆ ಹಾಕ್ತೀನಿ ಅಂದಿದ್ದೆ. ಆ ಸಿಟ್ಟಿಗೆ ಕೆಲಸ ಬಿಟ್ಟಮೇಲೂ ಮನೆಗೆ ಬರದೆ ನೂಡಲ್ ಅಂಗಡೀಲಿ ಕೂತಿದ್ದೆ. ಆರೂವರೆಗೆ ಬಂದು ನೋಡಿದ್ರೆ ಅಪ್ಪ ಮೆಟ್ಟಿಲ ಕೆಳಗೆ ಬಿದ್ದಿದ್ರು. ಮೂರು ಗಂಟೆ ಸುಮಾರಿಗೆ ಬಿದ್ದಿರಬೇಕು, ಆಗಲೇ ಯಾರಾದರೂ ನೋಡಿದ್ರೆ ಉಳೀತಿದ್ರು ಅಂದ್ರು ಡಾಕ್ಟರು."

ಅವಳು ಚಹಾ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಮೇಜಿನ ಮೇಲೆ ಅರ್ಧ ಕಟ್ಟಿದ ಯುದ್ಧ ಟ್ಯಾಂಕಿನ ಮಾದರಿ ಇತ್ತು. ಸಾವಿರದ ಇನ್ನೂರು ಚೂರು, ಒಳಗೆ ಎಂಜಿನ್ನು, ಗುಂಡು, ಸೈನಿಕರು ಕೂರೋ ಪೀಠ, ಎಲ್ಲಾ ಇರೋ ಅಂಥದ್ದು. ಬಾಗಿಲು ಬೀಗ ಹಾಕಿ ಕೆಲಸಕ್ಕೆ ಹೋಗ್ತೀನಿ. ಬಂದು ನೋಡಿದ್ರೆ ಅದು ಬೆಳೆದಿರುತ್ತೆ. ಕೋಣೆ ತುಂಬ ಕಿತ್ತಳೆ ವಾಸನೆ. ಅಪ್ಪಂಗೆ ಕಿತ್ತಳೆ ಅಂದ್ರೆ ಪ್ರಾಣ. ನನ್ನ ಮೇಲಿನ ಸಿಟ್ಟಿಗೆ ಅವರು ಹೋಗ್ತಾನೇ ಇಲ್ಲ ಅಮ್ಮಾ."

ನಲವತ್ತೊಂಬತ್ತನೆಯ ದಿನದವರೆಗೆ ಸತ್ತವರ ಜೀವ ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ಮಿಹೋಳಿಗೂ ಗೊತ್ತಿತ್ತು.

"ನಾಳಿದ್ದು ಶಾಂತಿ. ಅವತ್ತೇ ಅದನ್ನ ದೇಗುಲದ ಬೆಂಕಿಗೆ ಒಪ್ಪಿಸಿಬಿಡೋಣ ಅಂತಿದಾರೆ ಚಿಕ್ಕಪ್ಪ. ಆಮೇಲೆ ನಾನು ಆ ಮನೇಲಿ ಇರಲ್ಲ."

"ಮೊಟ್ಟಮೊದಲು ಬೆಳೆದದ್ದು ಏನು? ಚಕ್ರಾನಾ?" ಎಂದು ಕೇಳಿದರು ಕಿನುಯೊ.

"ಇಲ್ಲ. ಎಡಮಗ್ಗುಲಿಗೆ ಒಂದು ಸಾಲು ಕೊಂಡಿ. ಚಕ್ರದ ಮೇಲಿನ ಸರಪಳಿ ಹರಿದ್ರೆ ಇರಲಿ ಅಂತ ಟ್ಯಾಂಕಿನ ಪಕ್ಕಕ್ಕೆ ತಗುಲಿ ಹಾಕಿರ್ತಾರಲ್ಲ, ಅಂಥವು. ಅಪ್ಪ ಹೋದ ಎಂಟನೇ ದಿನ. ಚಕ್ರ, ಸರಪಳಿ ಎಲ್ಲಾ ಆಮೇಲೆ ಬಂದವು."

ಕಿನುಯೊ ಎದ್ದು ಮಫ್ಲರ್ ಸುತ್ತಿಕೊಂಡರು.

ಕುರೆಬಾಯಾಶಿಯವರ ಮನೆಯಲ್ಲಿ ಶಾಂತಿಯ ವಿಚಾರ ಮಾತಾಡಲು ಮೂವರು ಆಗಲೇ ಕುಳಿತಿದ್ದರು. ಬೀಗದ ಕೈ ಕೊಡೆ ಇಡುವ ಹೂಜಿಯಲ್ಲಿರುತ್ತದೆಂಬುದು ಮೂವರಿಗೂ ಗೊತ್ತು. ಚಿಕ್ಕಪ್ಪ ಗೆನ್‌ಜೊ ಬೆಳಗ್ಗೆಯೇ ಸಾಕೆ ಕುಡಿದಿದ್ದ. ಬಟ್ಟಲು ಅವನ ಬೆರಳುಗಳ ನಡುವೆ ಟಕಟಕ ಎನ್ನುತ್ತಿತ್ತು. ಶಿಗೆನೊಳ ಅಪ್ಪ ತೊಕುಜಿಯವರ ಶಿಷ್ಯೆ ನಾಗಿಸಾಳ ಉಗುರುಗಳಲ್ಲಿ ಹಸಿರು ಬಣ್ಣ ಹೆಪ್ಪುಗಟ್ಟಿತ್ತು. ಮಾದರಿಗಾರರ ಸಂಘದ ಅಧ್ಯಕ್ಷ ತ್ಸುಜಿಮುರಾ ತೆರೆದ ಕಿಟಕಿಯ ಬಳಿ ಕೋಟು ಹೊದ್ದು ಕೂತಿದ್ದರು.

"ಕ್ಷಮಿಸಿ, ಕಿಟಕಿ ನಾನೇ ತೆಗೆದೆ," ಎಂದರು ಅವರು ಮೆಲ್ಲಗೆ. "ನಾಗಿಸಾ ಮೈಮೇಲಿನ ಆ ಬಣ್ಣದ ಘಾಟು ನನ್ನ ಎದೆಗೆ ಆಗಲ್ಲ."

"ಮಾದರಿಗಾರರ ಅಧ್ಯಕ್ಷರಿಗೆ ಬಣ್ಣದ ಘಾಟು ಆಗಲ್ವಂತೆ!" ಗೆನ್‌ಜೊ ನಕ್ಕ. "ಅದಕ್ಕೇ ಪದಕ ಗೆದ್ದ ನಿಮ್ಮ ಟ್ಯಾಂಕಿನ ಎಂಜಿನ್ ನಮ್ಮಣ್ಣನ ಕೈಲಿ ಮಾಡಿಸ್ಕೊಂಡ್ರೇನು?"

"ಕುಡಿದಿದೀರಿ ಗೆನ್‌ಜೊ," ಎಂದರು ತ್ಸುಜಿಮುರಾ, ನೋವಿನ ನಗೆ ನಕ್ಕು.

"ಕುಡಿದೇ ಇದ್ರೆ ಈ ಮನೇಲಿ ಕೂರೋಕಾಗುತ್ತಾ? ಅಣ್ಣ ಮೇಲಿದಾನೆ! ಸುಟ್ಟುಬಿಡ್ರಿ ಅದನ್ನ."

"ನಮ್ಮ ಗುರುಗಳ ಕೊನೇ ಕೆಲಸ ಅದು. ಸುಡೋಕೆ ನಿಮಗೆ ಹೇಗೆ ಮನಸ್ಸು ಬರುತ್ತೆ?" ನಾಗಿಸಾ ಸಿಡಿದಳು.

"ನನಗೂ ಕರುಳು ಕಿವಿಚುತ್ತಮ್ಮ," ಎಂದರು ತ್ಸುಜಿಮುರಾ. "ಆದ್ರೆ ಈ ಹುಡುಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು, ಮುಖ ನೋಡು."

ಮಹಡಿಯ ಮೆಟ್ಟಿಲು ಏಣಿಯಷ್ಟು ಕಡಿದಾಗಿತ್ತು. ಮೇಲಿನ ಕೋಣೆಯಲ್ಲಿ, ಮಧ್ಯಾಹ್ನದ ಬಿಳಿ ಬೆಳಕಿನಲ್ಲಿ, ಅದು ಕೂತಿತ್ತು. ಗೇಣುದ್ದ, ಬಣ್ಣ ಕಾಣದ ಬೂದು ಮೈ. ಒಂದೊಂದೂ ಅಕ್ಕಿಕಾಳಿನಷ್ಟು ಅಗಲದ ಕೊಂಡಿಗಳು ಸೇರಿ ಸರಪಳಿಯಾಗಿ, ಚಕ್ರಗಳ ಮೇಲೆ ತಮ್ಮ ಭಾರಕ್ಕೆ ತಾವೇ ಜೋತಂತೆ ಬಾಗಿದ್ದವು. ಮುಂದೆ ಒಂದು ಬಟ್ಟಲು ಅನ್ನ, ಊದುಬತ್ತಿ. ಕಿತ್ತಳೆ ಮಾತ್ರ ಎಲ್ಲೂ ಇರಲಿಲ್ಲ. ಆದರೂ ಕೋಣೆಯ ತುಂಬ ಆಗತಾನೇ ಸಿಪ್ಪೆ ಸುಲಿದಂಥ ಕಿತ್ತಳೆಯ ಘಮ.

"ಇವತ್ತು ಬೆಳಗ್ಗೆ ಫಿರಂಗಿ ಇರೋ ತಿರುಗುಗೋಪುರದ ಮುಚ್ಚಳ ತೆಗೆದಿತ್ತು," ಶಿಗೆನೊ ಪಿಸುಗುಟ್ಟಿದಳು. "ಈಗ ಮುಚ್ಚಿದೆ. ನಿಮ್ಮ ಮನೆಗೆ ನಾನು ಬಂದಾಗ..." ಮುಂದೆ ಹೇಳಲಾಗದೆ ಕೆಳಗಿಳಿದು ಹೋದಳು.

ಕಿನುಯೊ ಬಗ್ಗಿ ಬಲಮಗ್ಗುಲನ್ನು ನೋಡಿದರು. ಅಲ್ಲಿ ಪ್ಲಾಸ್ಟಿಕ್ಕಿನೊಳಗೇ ಒಂದು ಹೆಬ್ಬೆರಳು ಒತ್ತಿ ಕೂತಿತ್ತು. ಅಂಟು ಜಾಸ್ತಿಯಾಗಿ ಬೆರಳಡಿಗೆ ಹರಿದರೆ ಪ್ಲಾಸ್ಟಿಕ್ ಕರಗಿ ಬೆರಳಿನ ಅಚ್ಚು ಹಾಗೇ ಉಳಿಯುತ್ತದೆ. ಆ ಅಚ್ಚಿನ ನಡುವೆ ಹಳೆಯ ಗಾಯದ ಅಡ್ಡಗೆರೆಯಿತ್ತು.

"ತೊಕುಜಿಯದೇ. ಬ್ಲೇಡು ತಾಗಿದ ಬೆರಳು," ಎಂದರು ಕಿನುಯೊ. "ಉಪ್ಪುಕಾಗದದಲ್ಲಿ ನಾಲ್ಕು ಸಲ ಉಜ್ಜಿದ್ರೆ ಹೋಗ್ತಿತ್ತು. ಅಂಥ ಅಚ್ಚುಕಟ್ಟಿನ ಮನುಷ್ಯ ಯಾಕೆ ಬಿಟ್ಟ?"

ಮೇಜಿನ ಮೇಲೆ ಜೋಡಿಸುವ ವಿಧಾನದ ಪುಸ್ತಕವಿತ್ತು. ಮುಗಿದ ಒಂದೊಂದು ಹಂತದ ಪಕ್ಕವೂ ಕೆಂಪು ಪೆನ್ಸಿಲ್ಲಿನಲ್ಲಿ ತಾರೀಕು, ಗುರುತು. ಇಪ್ಪತ್ತೆರಡರವರೆಗೆ. ಇಪ್ಪತ್ತಮೂರನೆಯದು, ಒಡಲಿನ ಮೇಲ್ಮುಚ್ಚಳ ಕೂರಿಸುವ ಹಂತ, ಖಾಲಿ. ಅದರ ಪಕ್ಕ ಸಾವಿನ ದಿನದ ಬೆಳಗ್ಗೆ ಬರೆದ ಒಂದು ಸಾಲು: "ಮುಚ್ಚಳ ಸೊಟ್ಟಗಾಗಿದೆ. ಎರಡು ಕೈಗೆ ಬಗ್ಗದು. ಒಳಗಿನ ಬಣ್ಣ ಮಧ್ಯಾಹ್ನಕ್ಕೆ ಒಣಗುತ್ತದೆ. ಆಮೇಲೆ."

"ಆದ್ರೆ ಒಡಲಿನ ಮುಚ್ಚಳ ಕೂತಿದೆಯಲ್ಲಾ ಅಮ್ಮಾ," ಎಂದಳು ಮಿಹೋ.

"ಕೂತಿದೆ. ಶಿಗೆನೊ ಬಂದು ನೋಡಿದ ಹೊತ್ತಿಗೇ ಕೂತಿತ್ತಾ ಕೇಳ್ಕೊಂಡು ಬರ್ತೀನಿ. ನೀನು ಇಲ್ಲೇ ಇರು."

ಅವರ ಹೆಜ್ಜೆಯ ಸದ್ದು ಕೆಳಗೆ ಕರಗಿತು. ಮಿಹೋ ಗೋಡೆಗೆ ಒತ್ತಿ ನಿಂತಳು. ತಿರುಗುಗೋಪುರದ ಮುಚ್ಚಳದ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಕಿತ್ತಳೆಯ ಘಮ ಗಂಟಲಿಗೆ ಇಳಿಯುತ್ತಿತ್ತು. ಟಕ್ ಎಂದು ಸಣ್ಣ ಸದ್ದಾಯಿತು. ಮುಚ್ಚಳ ತಾನಾಗಿ ಮೇಲೆದ್ದಿತ್ತು, ಕೂದಲೆಳೆಯಷ್ಟು. ಕಿನುಯೊ ಮರಳಿದಾಗ ಅವಳು ಮುಖ ಮುಚ್ಚಿ ನೆಲದ ಮೇಲೆ ಕುಕ್ಕರಿಸಿದ್ದಳು.

ಕಿನುಯೊ ಮುಚ್ಚಳವನ್ನು ಉಗುರಿನಿಂದ ಮುಟ್ಟಿ, ಬೆರಳನ್ನು ಮೂಸಿ, ಅವಳ ಮೂಗಿಗೂ ಹಿಡಿದರು. "ಅಂಟು ಇನ್ನೂ ಹಸಿ ಇದೆ, ಅದಕ್ಕೆ ಬಿಟ್ಕೊಳ್ತು. ದೆವ್ವ ಅಂಟು ಒಣಗೋದಕ್ಕೆ ಕಾಯುತ್ತೇನೇ ಹುಚ್ಚಿ? ಏಳು."

ನಲವತ್ತೊಂಬತ್ತನೆಯ ದಿನ ಎರಡು ಗಂಟೆಗೆ ಎಲ್ಲರೂ ಆ ಮಹಡಿಯ ಕೋಣೆಯಲ್ಲೇ ಸೇರಿದರು. ಭಿಕ್ಷುಗಳು ಮೂರಕ್ಕೆ ಬರುವವರಿದ್ದರು. ಶಿಗೆನೊ ಬಾಗಿಲಿಂದ ಒಳಗೆ ಕಾಲಿಡಲೊಲ್ಲದೆ ಹೊಸ್ತಿಲಲ್ಲೇ ನಿಂತಳು. ಅವಳ ಪೆಟ್ಟಿಗೆ ಕಟ್ಟಿ ಕೆಳಗಿತ್ತು.

"ಸುಡೋಕೆ ಮುಂಚೆ ನಾಲ್ಕು ಮಾತು," ಎಂದರು ಕಿನುಯೊ. "ನಾಗಿಸಾ, ಪಕ್ಕಕ್ಕೆ ತಗುಲಿಸೋ ಬಿಡಿ ಕೊಂಡಿಗಳನ್ನ ಯಾವಾಗ ಅಂಟಿಸ್ತೀಯ?"

"ಎಲ್ಲಾ ಆದಮೇಲೆ. ಬಣ್ಣ ಬಳಿದ ಮೇಲೆ."

"ಈ ದೆವ್ವ ಅದನ್ನೇ ಮೊದಲು ಅಂಟಿಸ್ತು, ಚಕ್ರಕ್ಕೂ ಮುಂಚೆ. ಅವತ್ತು ಅದಕ್ಕೆ ಬೇಕಾಗಿದ್ದದ್ದು ಟ್ಯಾಂಕಲ್ಲ, ಎಡಮಗ್ಗುಲಿಗೊಂದು ಮರೆ. ಆದ್ರೆ ಬರೀ ಕೊಂಡಿ ಬಿಟ್ರೆ ಸಂಘದವರು ಯಾರಾದ್ರೂ ನೋಡಿ ಇದೇನು ತಲೆಕೆಳಗು ಅಂತ ಕೇಳ್ತಿದ್ರು. ಅದಕ್ಕೇ ಮಿಕ್ಕಿದ್ದೆಲ್ಲ ಕಟ್ಟಬೇಕಾಯ್ತು. ಅಷ್ಟರಲ್ಲಿ ಶಿಗೆನೊ ಹೆದರಿದಳು, ಸುಡೋ ಮಾತು ಬಂತು. ಅದಕ್ಕಿಂತ ಒಳ್ಳೇದು ಏನಿದೆ?"

ಗೆನ್‌ಜೊ ಬಾಯಿ ತೆರೆದ. "ಸುಡಿ ಅಂದದ್ದು ನಾನು! ಹಾಗಂತ..."

"ನಿಮ್ಮ ಕೈ ನೋಡ್ಕೊಳ್ಳಿ. ಆ ಕೈಲಿ ಸರಪಳಿ ಕಟ್ಟೋಕಾಗುತ್ತಾ? ನೀವಾಗಿದ್ರೆ ಮೊದಲನೇ ದಿನವೇ ಸುತ್ತಿಗೆ ತರ್ತಿದ್ರಿ." ಕಿನುಯೊ ಪುಸ್ತಕ ತೆರೆದರು. "ಸೊಟ್ಟ ಮುಚ್ಚಳ ಎರಡು ಕೈಗೆ ಬಗ್ಗದು ಅಂತ ತೊಕುಜಿ ಬೆಳಗ್ಗೆ ಬರೆದಿದಾನೆ. ಸಂಜೆ ಶಿಗೆನೊ ಬಂದಾಗ ಅದು ಕೂತಿತ್ತು. ಅಂದ್ರೆ ಮಧ್ಯಾಹ್ನ ಇನ್ನೆರಡು ಕೈ ಬಂದಿವೆ. ಎದುರುಬದುರು ಕೂತು, ಈ ಕಡೆ ಒಬ್ಬ, ಆ ಕಡೆ ಒಬ್ಬ, ಅಂಟು ಹಿಡಿಯೋವರೆಗೂ ಒತ್ತಿ ಹಿಡಿದಿದಾರೆ. ಬಲಗಡೆ ತೊಕುಜಿ ಬೆರಳಡಿಗೆ ಅಂಟು ಹರೀತು. ಉಜ್ಜಿ ತೆಗೆಯೋಕೆ, ಪುಸ್ತಕದಲ್ಲಿ ಗುರುತು ಹಾಕೋಕೆ ಅವನಿಗೆ ಆಯಸ್ಸಿರಲಿಲ್ಲ. ಎಡಗಡೆ?"

ನಾಗಿಸಾ ಬಿಳುಚಿಕೊಂಡಳು. "ನನ್ನ ಮೇಲೆ ಅನುಮಾನಾನಾ?"

"ನಿನ್ನ ಅಂಟು ತೊಕುಜಿ ಅಂಟಿನ ಥರಾನೇ, ಮೂಗು ಸುಡೋ ಘಾಟಿಂದು. ಇಲ್ಲಿ ಬಂದು ಹೋದವರದ್ದು ಕಿತ್ತಳೆ ಸಿಪ್ಪೆ ಎಣ್ಣೇಲಿ ಮಾಡಿದ್ದು. ಘಾಟು ಎದೆಗೆ ಆಗದವರಿಗೆ ಅಂತಾನೇ ಮಾರ್ತಾರೆ." ಕಿನುಯೊ ಕಿಟಕಿಯ ಕಡೆ ತಿರುಗಿದರು. ತ್ಸುಜಿಮುರಾ ಇಲ್ಲೂ ಕಿಟಕಿ ತೆರೆದುಕೊಂಡೇ ಕೂತಿದ್ದರು.

"ಆ ಅಂಟು ಅಂಗಡೀಲಿ ಯಾರಿಗೆ ಬೇಕಾದ್ರೂ ಸಿಗುತ್ತಲ್ಲಾ," ಎಂದರು ಅವರು. ದನಿ ಇನ್ನೂ ಮೆತ್ತಗೇ ಇತ್ತು.

"ಸಿಗುತ್ತೆ. ಅದಕ್ಕೇ ಬೆರಳು ನೋಡೋಣ." ಕಿನುಯೊ ತೆಳ್ಳಗಿನ ಬ್ಲೇಡನ್ನು ಕೊಂಡಿಗಳ ಹಿಂದೆ ತೂರಿಸಿದರು. "ನನಗೆ ಒಂದೇ ಒಗಟಾಗಿತ್ತು. ಇಷ್ಟೆಲ್ಲ ಪಡಿಪಾಟಲು ಯಾಕೆ? ಉಪ್ಪುಕಾಗದ ಕೈಗೆ ಎಟುಕೋ ಹಾಗೇ ಇತ್ತು. ಆಮೇಲೆ ಹೊಳೀತು. ಉಜ್ಜಿದ್ರೆ ಬೆರಳ ಗುರುತಿನ ಜೊತೆಗೆ ಅದರ ಪಕ್ಕ, ಉಕ್ಕಿನ ತಗಡು ಬೆಸೆದಂತೆ ಕಾಣೋಕೆ ಮಾಡಿರೋ ಬೆಸುಗೆ ಗೆರೆನೂ ಹೋಗುತ್ತೆ. ಕೊಂಡಿಗಳ ಆಚೀಚೆ ಕಾಣ್ತಿರೋ ಆ ಗೆರೇನ ತೊಕುಜಿ ಸೂಜಿ ಮೊನೇಲಿ ಒಂದೊಂದು ಚುಕ್ಕೆಯಾಗಿ ಕೆತ್ತಿದಾನೆ. ಅಂಥ ಕೆಲಸಾನ ಒಬ್ಬ ಮಾದರಿಗಾರನ ಕೈ ಉಜ್ಜಿ ಹಾಕಲ್ಲ. ಮನುಷ್ಯನ್ನ ಮೆಟ್ಟಿಲ ಕೆಳಗೆ ಬಿಟ್ಟು ಹೋಗಬಲ್ಲ, ಬೆಸುಗೆ ಗೆರೆ ಅಳಿಸಲಾರ. ಕೊಂಡಿಗೂ ತುದೀಲಿ ಮಾತ್ರ ಅಂಟು ಇಟ್ಟಿದಾನೆ, ಗೆರೆಗೆ ತಾಗಬಾರದು ಅಂತ."

ಕೊಂಡಿಗಳ ಸಾಲು ಚಟ್ ಎಂದು ಕಳಚಿ ಬಿತ್ತು. ಅದರಡಿ ಹೆಬ್ಬೆರಳಿನ ಅಚ್ಚು. ಅಡ್ಡಗೆರೆಯಿಲ್ಲದ, ಅಗಲವಾದ, ಒಂದೊಂದು ಸುರುಳಿಯೂ ಸ್ಪಷ್ಟವಾಗಿದ್ದ ಅಚ್ಚು.

"ಬನ್ನಿ ಅಧ್ಯಕ್ಷರೇ. ಬೆರಳಿಟ್ಟು ನೋಡಿ."

ತ್ಸುಜಿಮುರಾ ಎದ್ದರು. ಮಿಹೋ ಅರಿವಿಲ್ಲದೆ ಶಿಗೆನೊಳ ತೋಳು ಹಿಡಿದುಕೊಂಡಳು. ಆದರೆ ಅವರು ಟ್ಯಾಂಕಿನ ಮುಂದೆ ಬಂದು, ಅಚ್ಚನ್ನಲ್ಲ, ಆ ಬೆಸುಗೆ ಗೆರೆಯನ್ನು ನೋಡುತ್ತ ನಿಂತರು.

"ಎಷ್ಟು ಚೆನ್ನಾಗಿ ಕೆತ್ತಿದಾನೆ," ಎಂದರು. ಬಳಿಕ ಎಲ್ಲವೂ ಒಂದೇ ಉಸಿರಿಗೆ ಹೊರಬಂತು. "ಕೈ ಕೊಡೋಕೆ ಬಾ ಅಂದ, ಬಂದೆ. ಒತ್ತಿ ಹಿಡಿದಾಗಲೇ ಹೇಳಿದ, ಪದಕ ಗೆದ್ದ ಎಂಜಿನ್ ತನ್ನದು ಅಂತ ಮೇ ತಿಂಗಳ ಪ್ರದರ್ಶನದಲ್ಲಿ ಎಲ್ಲರ ಮುಂದೆ ಹೇಳ್ತೀನಿ ಅಂತ. ನಾನು ಎದ್ದು ಹೊರಟೆ. ನಿಲ್ಲೋ ಅಂತ ಹಿಂದೆ ಬಂದವನು ಕಾಲು ಜಾರಿ ಬಿದ್ದ. ನಾನು ತಳ್ಳಲಿಲ್ಲ. ಆದ್ರೆ... ಕಣ್ಣು ತೆರೆದೇ ಇದ್ದ. ನನ್ನನ್ನೇ ನೋಡ್ತಿದ್ದ. ನಾನು ಚಪ್ಪಲಿ ಮೆಟ್ಕೊಂಡು ಹೋದೆ."

"ಮೂರು ಗಂಟೆಗೇ," ಎಂದಳು ಶಿಗೆನೊ. ಅವಳ ದನಿ ಬೇರೆ ಯಾರದೋ ಎಂಬಂತಿತ್ತು. "ನಾನು ಬೇಗ ಬಂದಿದ್ರೆ ಅಂತ ನಲವತ್ತೊಂಬತ್ತು ದಿನ ಸತ್ತಿದೀನಿ. ಇಲ್ಲಿಗೇ ಬಂದು ನನಗೆ ಸಮಾಧಾನ ಹೇಳ್ತಿದ್ರಲ್ಲ ನೀವು."

ಗೆನ್‌ಜೊ ತ್ಸುಜಿಮುರಾ ಕಡೆ ನುಗ್ಗಿದವನು ಎರಡು ಹೆಜ್ಜೆಗೇ ನಿಂತು, ನಡುಗುವ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಕಿನುಯೊ ಕಣ್ಸನ್ನೆ ಮಾಡಿದರು. ಮಿಹೋ ಕೆಳಗಿಳಿದು ಪೊಲೀಸರಿಗೆ ಫೋನು ಮಾಡಿದಳು. ಜೀವಮಾನದಲ್ಲಿ ಮೊದಲ ಸಲ ಅವಳ ದನಿ ಒಡೆಯದೆ ಗಟ್ಟಿಯಾಗಿ ಹೊರಟಿತು. ಮೆಟ್ಟಿಲ ಬುಡವನ್ನು ದಾಟುವಾಗ ಮಾತ್ರ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು.

ಮೂರು ಗಂಟೆಗೆ ಭಿಕ್ಷುಗಳು ಬಂದಾಗ ಮನೆಯ ಮುಂದೆ ಪೊಲೀಸ್ ಕಾರು ಇನ್ನೂ ನಿಂತಿತ್ತು. "ಬೆಂಕಿಗೆ ಒಪ್ಪಿಸಬೇಕಾದ ವಸ್ತು ಯಾವುದಮ್ಮ?" ಎಂದು ಕೇಳಿದರು ಅವರು.

"ಏನೂ ಇಲ್ಲ ಗುರುಗಳೇ," ಎಂದಳು ಶಿಗೆನೊ.

ಅವಳು ಹೊಸ್ತಿಲು ದಾಟಿ ಕೋಣೆಯೊಳಗೆ ಬಂದು ಅಪ್ಪನ ಕುರ್ಚಿಯಲ್ಲಿ ಕೂತಳು. ಬಲಮಗ್ಗುಲಿನ ಅಚ್ಚಿನೊಳಗೆ ತನ್ನ ಹೆಬ್ಬೆರಳನ್ನು ಇಟ್ಟಳು. ಅದು ಅವಳ ಬೆರಳಿಗಿಂತ ದೊಡ್ಡದಿತ್ತು. ಸುತ್ತ ಜಾಗ ಉಳಿಯಿತು. ಬಳಿಕ ಕೆಂಪು ಪೆನ್ಸಿಲ್ ತೆಗೆದುಕೊಂಡು, ಇಪ್ಪತ್ತಮೂರನೆಯ ಹಂತದ ಪಕ್ಕ ಅಪ್ಪ ಹೋದ ದಿನದ ತಾರೀಕು ಬರೆದು ಗುರುತು ಹಾಕಿದಳು.